ಒಂದೇ ಚೆಂಡು, ಮೂರು ದೂರು: ಲೆದರ್ ಬಾಲಿನ ದೋಷ ಪತ್ತೆ ಹಚ್ಚುವ ಬಗೆ

ಬೇಸಿಗೆ ಶಿಬಿರದ ಒಂದು ಬೆಳಿಗ್ಗೆ ದಾವಣಗೆರೆಯ ನಮ್ಮ ಕ್ರಿಕೆಟ್ ನೆಟ್ಸಿನಲ್ಲಿ ಮೂವರು ಬೌಲರ್‌ಗಳು ಒಂದೇ ಚೆಂಡನ್ನು ಸರದಿಯಂತೆ ಹಾಕಿ ಮೂರು ಬೇರೆ ಬೇರೆ ಮಾತು ಹೇಳಿದರು. ಮಧ್ಯಮ ವೇಗದ ಹುಡುಗ "ಬಾಲ್ ಸ್ವಿಂಗೇ ಆಗ್ತಿಲ್ಲ ಸಾರ್" ಎಂದ, ಅಂದರೆ ಗಾಳಿಯಲ್ಲಿ ಪಕ್ಕಕ್ಕೆ ಸರಿಯುತ್ತಿಲ್ಲ ಎಂದು. ಅವನಿಗಿಂತ ಒಂದು ಗೇಣು ಎತ್ತರವಿರುವ ವೇಗಿ ಅದೇ ಚೆಂಡಿನಲ್ಲಿ ಐದಾರು ಎಸೆತ ಹಾಕಿ, ಚೆಂಡು ಚೆನ್ನಾಗಿಯೇ ಇದೆ, ಬಿದ್ದು ಒಳಗೆ ನುಗ್ಗುತ್ತಿದೆ ಎಂದ. ಎಡಗೈ ಸ್ಪಿನ್ನರ್ ಒಂದು ಓವರ್ ಮುಗಿಸುವ ಮೊದಲೇ, ಇದು ಬೆರಳಿಗೆ ಸಿಗುತ್ತಲೇ ಇಲ್ಲ ಎಂದು ಚೆಂಡನ್ನು ತಂದು ನನ್ನ ಕೈಗೆ ಕೊಟ್ಟ. ಚೆಂಡಿಗೆ ಆಗ ಸುಮಾರು ಹನ್ನೆರಡು ಓವರ್ ಆಗಿತ್ತು. ಮೂವರೂ ಸುಳ್ಳು ಹೇಳುವವರಲ್ಲ. ಹಾಗಿದ್ದರೆ ಚೆಂಡು ಕೆಟ್ಟಿದೆಯೋ ಇಲ್ಲವೋ?

ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕಿದ ಕ್ರಮವನ್ನು ವಿವರಿಸುತ್ತದೆ. ಚೆಂಡಿನ ದೋಷವನ್ನು ಹಾಕುವವನ ಶೈಲಿಯಿಂದ ಬೇರ್ಪಡಿಸಿ ನೋಡಲು ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಿಂಗ್ ಬೌಲರ್ ಚೆಂಡಿನ ನುಣುಪಿನಿಂದಲೂ ಗಾಳಿಯಲ್ಲಿ ಸೀಮ್, ಅಂದರೆ ಚೆಂಡಿನ ನಡುವಿನ ಹೊಲಿಗೆಯ ಪಟ್ಟಿ, ನಿಲ್ಲುವ ಕೋನದಿಂದಲೂ ಕೆಲಸ ತೆಗೆಯುತ್ತಾನೆ; ನೆಲಕ್ಕೆ ಬಲವಾಗಿ ಬಡಿಯುವ ವೇಗಿಗೆ ಉಬ್ಬಿದ ಹೊಲಿಗೆ ನೆಲಕ್ಕೆ ತಾಗುವುದು ಮುಖ್ಯ; ಬೆರಳಿನಿಂದ ತಿರುಗಿಸುವ ಸ್ಪಿನ್ನರ್‌ಗೆ ಅದೇ ಹೊಲಿಗೆ ಮೊದಲು ಬೆರಳ ಗೆಣ್ಣಿಗೆ ಸಿಗಬೇಕು, ಆಮೇಲೆ ನೆಲವನ್ನು ಹಿಡಿಯಬೇಕು. ಚೆಂಡಿನ ಯಾವ ಭಾಗ ಸವೆದಿದೆ ಎಂಬುದರ ಮೇಲೆ ಅದು ಒಬ್ಬನ ಕೈಯಲ್ಲಿ ಸತ್ತಂತೆಯೂ ಇನ್ನೊಬ್ಬನ ಕೈಯಲ್ಲಿ ಜೀವಂತವಾಗಿಯೂ ಇರಬಲ್ಲದು. ಆದ್ದರಿಂದ ದೂರು ಬಂದ ಕೂಡಲೇ ಚೆಂಡನ್ನು ಚೀಲಕ್ಕೆ ಎಸೆಯದೆ, ಮೊದಲು ಚೆಂಡು, ಆಮೇಲೆ ಕೈ, ಕೊನೆಗೆ ನೆಲ ಮತ್ತು ಗಾಳಿ ಎಂಬ ಅನುಕ್ರಮದಲ್ಲಿ ನೋಡಬೇಕು.

ಚೆಂಡನ್ನು ನೋಡುವುದು

ತೂಕದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ವಾದಕ್ಕೆ ಎಡೆಯಿಲ್ಲ. ಪುರುಷರ ಪಂದ್ಯದ ಚೆಂಡು 155.9 ಗ್ರಾಂಗಿಂತ ಕಡಿಮೆಯೂ 163 ಗ್ರಾಂಗಿಂತ ಹೆಚ್ಚೂ ಇರಬಾರದು, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್ ಒಳಗಿರಬೇಕು. ಮಹಿಳೆಯರ ಚೆಂಡು 140ರಿಂದ 151 ಗ್ರಾಂ, ಹದಿಮೂರು ವರ್ಷದೊಳಗಿನ ಮಕ್ಕಳದು 133ರಿಂದ 144 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ದರ್ಜಿಯ ಟೇಪು ಇದ್ದರೆ ಐದು ನಿಮಿಷದ ಕೆಲಸ. ಈ ಅಂಕಿಗಳನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ: ಚಿಕ್ಕ ಹುಡುಗರಿಗೆ ದೊಡ್ಡವರ ಚೆಂಡು ಕೊಟ್ಟು ಸೀಮ್ ನೇರವಾಗಿ ಬರುತ್ತಿಲ್ಲ ಎಂದು ಗದರುವುದನ್ನು ನಾನು ಎಷ್ಟೋ ಮೈದಾನಗಳಲ್ಲಿ ಕಂಡಿದ್ದೇನೆ. ಹನ್ನೆರಡು ವರ್ಷದ ಮಗುವಿನ ಬೆರಳುಗಳು ಆ ಸುತ್ತಳತೆಯನ್ನು ಆವರಿಸುವುದಿಲ್ಲ. ಚೆಂಡು ಅಂಗೈಗೆ ಇಳಿಯುತ್ತದೆ, ಅಂಗೈಗೆ ಇಳಿದ ಚೆಂಡು ಬೆರಳ ತುದಿಯಿಂದ ಬಿಡುಗಡೆಯಾಗುವುದಿಲ್ಲ. ಅಲ್ಲಿ ದೋಷ ಮಗುವಿನದಲ್ಲ, ಚೆಂಡಿನ ಅಳತೆಯದು.

ಎರಡನೆಯದು ಆಕಾರ. ಚೆಂಡನ್ನು ಕೇರಂ ಬೋರ್ಡಿನ ಮೇಲೆ ಮೆಲ್ಲಗೆ ಉರುಳಿಸಬೇಕು. ದುಂಡಗಿರುವ ಚೆಂಡು ಒಂದೇ ಸಮನೆ ಹೋಗುತ್ತದೆ. ಆಕಾರ ಕೆಟ್ಟಿರುವುದು ಎರಡು ಮೂರು ಸುತ್ತಿಗೊಮ್ಮೆ ತಡವರಿಸಿ ಪಕ್ಕಕ್ಕೆ ವಾಲುತ್ತದೆ. ಒಂದೇ ದಿಕ್ಕಿನಲ್ಲಿ ಉರುಳಿಸಿ ನಿಲ್ಲಿಸದೆ ಸೀಮ್ ಮಲಗಿಸಿ, ನಿಲ್ಲಿಸಿ, ಓರೆಯಾಗಿಸಿ ಮೂರು ಬಗೆಯಲ್ಲಿಯೂ ಉರುಳಿಸಬೇಕು. ಪಂದ್ಯಗಳಲ್ಲಿ ಅಂಪೈರ್‌ಗಳು ಎರಡು ಬಳೆಗಳ ಗೇಜಿನಲ್ಲಿ ಚೆಂಡನ್ನು ತೂರಿಸಿ ನೋಡುವುದೂ ಇದೇ ಉದ್ದೇಶಕ್ಕೆ.

ಮೂರನೆಯದು ಹೊಲಿಗೆ. ಚೆಂಡಿನ ಸೀಮ್‌ನಲ್ಲಿ ಆರು ಸಾಲು ಹೊಲಿಗೆ ಇರುತ್ತದೆ. ಮೀರತ್‌ನಲ್ಲಿ ತಯಾರಾಗುವ ಎಸ್‌ಜಿ ಚೆಂಡಿನಲ್ಲಿ ಆರೂ ಸಾಲನ್ನು ಕೈಯಿಂದ ಹೊಲಿಯುತ್ತಾರೆ, ಹಾಗಾಗಿ ಸೀಮ್ ಉಬ್ಬಾಗಿದ್ದು ಬಹಳ ಹೊತ್ತು ನಿಲ್ಲುತ್ತದೆ. ಕೂಕಬುರಾ ಕಂಪನಿಯ ಚೆಂಡಿನಲ್ಲಿ ನಡುವಿನ ಎರಡು ಸಾಲು ಮಾತ್ರ ಕೈಹೊಲಿಗೆ, ಉಳಿದ ನಾಲ್ಕು ಯಂತ್ರದ್ದು, ಆ ಸೀಮ್ ಬೇಗ ಚಪ್ಪಟೆಯಾಗುತ್ತದೆ. ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಚರ್ಮದಿಂದ ಸೀಮ್‌ನ ಕಡೆಗೆ ಎಳೆದರೆ ಉಗುರು ಸಾಲಿಗೆ ತಡೆದು ನಿಲ್ಲಬೇಕು. ಸುತ್ತ ಆರೇಳು ಕಡೆ ಹೀಗೆ ನೋಡಬೇಕು, ಏಕೆಂದರೆ ಸೀಮ್ ಸಾಮಾನ್ಯವಾಗಿ ಎಲ್ಲ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲ.

ಆ ಬೆಳಿಗ್ಗೆಯ ಚೆಂಡು ತೂಕದಲ್ಲಿ ಪಾಸಾಯಿತು, ಉರುಳಿಸಿದಾಗ ಸ್ವಲ್ಪ ವಾಲಿತು, ಉಗುರಿನ ಪರೀಕ್ಷೆಯಲ್ಲಿ ಪೂರ್ತಿ ಸೋತಿತು. ಹನ್ನೆರಡು ಓವರಿಗೆ ಸೀಮ್ ಅಷ್ಟು ಮಲಗಬಾರದು. ಆ ಡಜನ್ ಚೆಂಡುಗಳನ್ನು ನಾಲ್ಕು ತುಂಡಿನವು ಎಂದು ಹೇಳಿ ಒಬ್ಬ ಮಾರಾಟಗಾರರು ನಮಗೆ ಕೊಟ್ಟಿದ್ದರು. ನಾಲ್ಕು ತುಂಡಿನ ಚೆಂಡಿನಲ್ಲಿ ಒಂದೊಂದು ಬಟ್ಟಲೂ (ಅರ್ಧ ಚೆಂಡಿನ ಚರ್ಮದ ಹೊದಿಕೆ) ಎರಡು ಚರ್ಮದ ತುಂಡುಗಳನ್ನು ಒಳಗಿನಿಂದ ಹೊಲಿದು ಮಾಡಿದ್ದಾಗಿರುತ್ತದೆ; ಮುಖ್ಯ ಸೀಮ್‌ಗೆ ಅಡ್ಡಲಾಗಿ ಆ ಒಳಹೊಲಿಗೆಯ ಸಣ್ಣ ಗೆರೆ ಎರಡೂ ಬದಿಯಲ್ಲಿ ಕಾಣಬೇಕು. ನಮ್ಮ ಚೆಂಡಿನಲ್ಲಿ ಗೆರೆಯಂತೆ ಕಂಡದ್ದು ಚರ್ಮದ ಮೇಲೆ ಒತ್ತಿದ ಅಚ್ಚು ಮಾತ್ರ. ಅನುಮಾನ ಬಿಡದೆ ಒಂದು ಚೆಂಡನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ದು ನೋಡಿದೆವು. ಒಳ್ಳೆಯ ಚೆಂಡನ್ನು ಕುಯ್ದಾಗ ನಡುವೆ ಕಾರ್ಕಿನ ತಿರುಳು, ಅದರ ಸುತ್ತ ಬಿಗಿಯಾಗಿ ಸುತ್ತಿದ ದಾರ, ಮತ್ತೆ ಕಾರ್ಕಿನ ಪದರ, ಮತ್ತೆ ದಾರ ಎಂದು ಈರುಳ್ಳಿಯಂತೆ ಸುತ್ತುಗಳು ಕಾಣುತ್ತವೆ. ಇದರಲ್ಲಿ ಕಾರ್ಕಿನ ಪುಡಿಯನ್ನು ರಬ್ಬರಿನೊಂದಿಗೆ ಒತ್ತಿ ಮಾಡಿದ ಒಂದೇ ಉಂಡೆ ಇತ್ತು, ಅದರ ಮೇಲೆ ನಾಲ್ಕೈದು ಎಳೆ ದಾರ, ಅಷ್ಟೇ. ಬ್ಲೇಡಿನ ಹಲ್ಲುಗಳಿಗೆ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಅಭ್ಯಾಸಕ್ಕೆ ಎರಡು ತುಂಡಿನ ಅಗ್ಗದ ಚೆಂಡು ಬಳಸುವುದು ತಪ್ಪಲ್ಲ, ನಾವೂ ಬಳಸುತ್ತೇವೆ. ಆದರೆ ಯಾವುದು ಯಾವುದೆಂದು ತಿಳಿಯದೆ ಬಳಸಿದರೆ ಬೌಲರ್‌ನ ಬಗ್ಗೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ, ಅದು ನನಗೆ ಸಹಿಸಲಾಗದ ನಷ್ಟ.

ಅದಲುಬದಲು ಪರೀಕ್ಷೆ

ಚೆಂಡಿನಲ್ಲಿ ಒಂದು ದೋಷ ಸಿಕ್ಕಿತು ಎಂದಾಕ್ಷಣ ಎಲ್ಲ ದೂರಿಗೂ ಅದೇ ಕಾರಣ ಎಂದು ನಿರ್ಧರಿಸುವುದು ಅವಸರವಾಗುತ್ತದೆ. ಬೇರೆ ಪೆಟ್ಟಿಗೆಯ, ಏಳೆಂಟು ಓವರ್ ಆಗಿ ಸೀಮ್ ಇನ್ನೂ ನಿಂತಿರುವ ಎರಡನೆಯ ಚೆಂಡನ್ನು ತೆಗೆದುಕೊಂಡು, ಮೂವರಿಂದಲೂ ಎರಡೂ ಚೆಂಡುಗಳಲ್ಲಿ ಆರಾರು ಎಸೆತ ಹಾಕಿಸಿದೆವು. ಯಾವ ಎಸೆತ ಯಾವ ಚೆಂಡಿನದು ಎಂದು ಕೀಪರ್‌ಗೆ ತಿಳಿಸಲಿಲ್ಲ, ಅವನು ಕಂಡದ್ದನ್ನು ಹೇಳಿದ, ಇನ್ನೊಬ್ಬ ಬರೆದುಕೊಂಡ. ಫಲಿತಾಂಶ ಹೀಗೆ ಬಂತು: ಮಧ್ಯಮ ವೇಗದ ಹುಡುಗನಿಗೆ ಎರಡೂ ಚೆಂಡು ಸ್ವಿಂಗ್ ಆಗಲಿಲ್ಲ, ಎತ್ತರದ ವೇಗಿಗೆ ಎರಡೂ ಒಳಕ್ಕೆ ಬಂದವು, ಎಡಗೈ ಸ್ಪಿನ್ನರ್‌ಗೆ ಮೊದಲ ಚೆಂಡು ನೇರ ಹೋಯಿತು, ಎರಡನೆಯದು ತಿರುಗಿತು. ಅಂದರೆ ಮೂವರ ಮಾತಿಗೂ ಮೂರು ಬೇರೆ ಕಾರಣಗಳಿದ್ದವು. ಚೆಂಡಿನ ದೋಷ ನಿಜವಾಗಿ ಬಾಧಿಸಿದ್ದು ಒಬ್ಬನನ್ನು ಮಾತ್ರ.

ಸ್ವಿಂಗ್ ಆಗದಿದ್ದಾಗ

ಸ್ವಿಂಗ್‌ಗೆ ಮೂಲ ಸೀಮ್. ಚೆಂಡಿನ ಮೈಗೆ ಅಂಟಿಕೊಂಡಂತೆ ಸಾಗುವ ತೆಳುವಾದ ಗಾಳಿಯ ಪದರವನ್ನು ಓರೆಯಾಗಿ ನಿಂತ ಸೀಮ್ ಒಂದು ಬದಿಯಲ್ಲಿ ಕಲಕುತ್ತದೆ. ಕಲಕಿದ ಪದರ ಚೆಂಡಿನ ಮೈಯನ್ನು ತಡವಾಗಿ ಬಿಡುತ್ತದೆ, ನುಣುಪಾದ ಬದಿಯಲ್ಲಿ ಪದರ ಬೇಗ ಬಿಟ್ಟುಹೋಗುತ್ತದೆ, ಈ ವ್ಯತ್ಯಾಸದಿಂದ ಚೆಂಡು ಸೀಮ್ ತೋರುವ ಕಡೆಗೆ ಸರಿಯುತ್ತದೆ. ಸೀಮ್ ಸುಮಾರು 20 ಡಿಗ್ರಿ ಓರೆಯಾಗಿ, ಅಲುಗಾಡದೆ, ಹಿಮ್ಮುಖ ತಿರುಗುವಿಕೆಯೊಂದಿಗೆ ಹೋದಾಗ, ಗಂಟೆಗೆ 110 ಕಿ.ಮೀ. ಆಸುಪಾಸಿನ ವೇಗದಲ್ಲಿ ಈ ಪಾರ್ಶ್ವಬಲ ಅತಿ ಹೆಚ್ಚು. ನಮ್ಮ ಜಿಲ್ಲೆಯ ಹೆಚ್ಚಿನ ಮಧ್ಯಮ ವೇಗಿಗಳು ಸರಿಸುಮಾರು ಅದೇ ವೇಗದವರು, ಹಾಗಾಗಿ ವೇಗ ಸಾಲದು ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ದಾವಣಗೆರೆಯಲ್ಲೇ ಹುಟ್ಟಿ, ದಾವಣಗೆರೆ ಎಕ್ಸ್‌ಪ್ರೆಸ್ ಎಂದು ಹೆಸರಾಗಿ, 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ಸತತ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಆರ್. ವಿನಯ್ ಕುಮಾರ್ ಅವರೂ ಭಾರಿ ವೇಗದ ಬಲದಿಂದ ವಿಕೆಟ್ ಪಡೆದವರಲ್ಲ. ನಿಖರತೆ ಮತ್ತು ಸ್ವಿಂಗ್ ಅವರ ಆಸ್ತಿ.

ಸೀಮ್ ಅಲುಗಾಡದೆ ಹೋಗುತ್ತಿದೆಯೇ ಎಂದು ಬರಿಗಣ್ಣಿಗೆ ತಿಳಿಯಲು ಒಂದು ಸುಲಭ ಸಾಧನ ಮಾಡಿಕೊಳ್ಳಬಹುದು. ಹಳೆಯ ಕೆಂಪು ಚೆಂಡಿನ ಒಂದು ಬಟ್ಟಲಿಗೆ, ಸೀಮ್‌ನ ಅಂಚಿನವರೆಗೆ, ಬಿಳಿ ಎನಾಮಲ್ ಬಣ್ಣ ಬಳಿದು ಎರಡು ದಿನ ನೆರಳಿನಲ್ಲಿ ಒಣಗಿಸಬೇಕು. ಕೀಪರ್‌ನ ಹಿಂದೆ ನಿಂತು ನೋಡಿದಾಗ, ಕೆಂಪು ಬಿಳುಪಿನ ನಡುವೆ ಕತ್ತರಿಸಿದಂತೆ ಗೆರೆ ಕಂಡರೆ ಸೀಮ್ ಸರಿಯಾಗಿ ಬರುತ್ತಿದೆ. ಇಡೀ ಚೆಂಡು ಗುಲಾಬಿಯಾಗಿ ಕಲಸಿಕೊಂಡಂತೆ ಕಂಡರೆ ಸೀಮ್ ತತ್ತರಿಸುತ್ತಿದೆ. ನಮ್ಮ ಹುಡುಗನ ಆರು ಎಸೆತಗಳಲ್ಲಿ ಆರೂ ಗುಲಾಬಿ. ಅವನ ಹಿಡಿತ ನೋಡಲು ಸರಿಯಾಗಿಯೇ ಇತ್ತು. ಆದರೆ ಚೆಂಡು ಬಿಡುವ ಗಳಿಗೆಯಲ್ಲಿ ಮಣಿಕಟ್ಟು ಪಕ್ಕಕ್ಕೆ ಬೀಳುತ್ತಿತ್ತು, ತೋರುಬೆರಳು ಮೊದಲೇ ಬಿಟ್ಟುಕೊಟ್ಟು ನಡುಬೆರಳು ಒಂದೇ ಚೆಂಡನ್ನು ತಳ್ಳುತ್ತಿತ್ತು.

ಈ ಅಭ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ನಾವು ಗಮನಿಸಬೇಕು. ನಮ್ಮೂರಿನ ಮಕ್ಕಳಲ್ಲಿ ಹೆಚ್ಚಿನವರು ಟೆನಿಸ್ ಬಾಲಿನಲ್ಲಿ ಆಡಿ ಬೆಳೆದವರು. ಸಾಧಾರಣ ಟೆನಿಸ್ ಚೆಂಡು 56ರಿಂದ 59.4 ಗ್ರಾಂ ತೂಗುತ್ತದೆ. ಲೆದರ್ ಚೆಂಡಿನ ತೂಕ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಟೆನಿಸ್ ಚೆಂಡಿನಲ್ಲಿ ಹಿಡಿಯಲು ಉಬ್ಬಿದ ಹೊಲಿಗೆಯೇ ಇಲ್ಲ, ಹಾಗಾಗಿ ಬೆರಳು ಹೇಗಿಟ್ಟರೂ ನಡೆಯುತ್ತದೆ, ತೋಳಿನ ಜೋರು ಮತ್ತು ಮಣಿಕಟ್ಟಿನ ಸೆಳೆತ ಸಾಕು. ಆ ಆಟವನ್ನು ನಾನು ಹೀಗಳೆಯುತ್ತಿಲ್ಲ, ಅಲ್ಲಿಂದಲೇ ಧೈರ್ಯ ಮತ್ತು ಯಾರ್ಕರ್ ಎರಡೂ ಬರುತ್ತವೆ. ಆದರೆ ಲೆದರ್ ಚೆಂಡಿಗೆ ಬಂದ ಹುಡುಗನಿಗೆ ಬೆರಳ ತುದಿಯನ್ನು ಸೀಮ್‌ನ ಹಿಂದೆ ಕೊನೆಯವರೆಗೆ ಉಳಿಸಿಕೊಳ್ಳುವುದನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ನಿಂತಲ್ಲಿಯೇ ಹತ್ತು ಹೆಜ್ಜೆ ದೂರದ ಗೆಳೆಯನಿಗೆ, ಮೊಣಕೈ ಮೇಲಿಟ್ಟು, ಬರೀ ಮಣಿಕಟ್ಟಿನಿಂದ ಬಣ್ಣದ ಚೆಂಡನ್ನು ದಿನಕ್ಕೆ ಐವತ್ತು ಬಾರಿ ಹಾಕಿಸುವುದು ನಾವು ಕೊಟ್ಟ ಮದ್ದು.

ಕೆಲವೊಮ್ಮೆ ಚೆಂಡು ನಿಜವಾಗಿ ಸ್ವಿಂಗ್ ಆಗುತ್ತಿರುತ್ತದೆ, ಬೌಲರ್‌ಗೇ ಕಾಣುವುದಿಲ್ಲ. ಪಾರ್ಶ್ವಬಲ ದಾರಿಯುದ್ದಕ್ಕೂ ಒಂದೇ ಸಮನಿದ್ದರೂ ಚೆಂಡು ಸರಿಯುವ ದೂರ ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 110 ಕಿ.ಮೀ. ವೇಗದ ಎಸೆತ ಬ್ಯಾಟ್ಸ್‌ಮನ್‌ನನ್ನು ಮುಟ್ಟಲು ಸುಮಾರು 0.6 ಸೆಕೆಂಡ್ ಬೇಕು. ಒಟ್ಟು 40 ಸೆಂಟಿಮೀಟರ್ ಸರಿಯುವ ಚೆಂಡು ಅರ್ಧ ಕಾಲದಲ್ಲಿ 10 ಸೆಂಟಿಮೀಟರ್ ಮಾತ್ರ ಸರಿದಿರುತ್ತದೆ, ಉಳಿದ 30 ಕೊನೆಯ ಅರ್ಧದಲ್ಲಿ. ತೀರಾ ಶಾರ್ಟ್ ಹಾಕುವವನ ಚೆಂಡು ಆ ಕೊನೆಯ ಅರ್ಧವನ್ನು ಗಾಳಿಯಲ್ಲಿ ಕಳೆಯುವ ಮೊದಲೇ ನೆಲಕ್ಕೆ ಬಿದ್ದಿರುತ್ತದೆ. ಸ್ವಿಂಗ್ ಇಲ್ಲ ಎನ್ನುವವನಿಗೆ ಎರಡು ಹೆಜ್ಜೆ ಮುಂದೆ ಬೀಳಿಸಲು ಹೇಳಿ ನೋಡಬೇಕು.

ಹೊಳಪಿನ ವಿಷಯದಲ್ಲಿ ತಪ್ಪು ಹೆಚ್ಚಾಗಿ ಫೀಲ್ಡರ್‌ಗಳದು. ಮಿಡ್ ಆಫ್‌ನವನು ಒಂದು ಬದಿ, ಕವರ್‌ನವನು ಇನ್ನೊಂದು ಬದಿ ಪ್ಯಾಂಟಿಗೆ ಉಜ್ಜಿದರೆ ಎರಡೂ ಬದಿ ಅರೆಬರೆಯಾಗುತ್ತದೆ. ಮೊದಲ ಓವರಿನಲ್ಲೇ ಯಾವ ಬದಿ ಎಂದು ನಾಯಕ ಎಲ್ಲರಿಗೂ ತೋರಿಸಬೇಕು. ಬೆವರು ಹಚ್ಚಬಹುದು, ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿಯ ನಿಯಮಾವಳಿಯಲ್ಲಿ 2022ರ ಅಕ್ಟೋಬರ್‌ನಿಂದ ಎಂಜಲು ಹಚ್ಚುವಂತಿಲ್ಲ. ತೆಂಗಿನ ನಾರಿನ ಮ್ಯಾಟಿನ ಮೇಲೆ ಆಡುವಾಗ ಎಷ್ಟೇ ಉಜ್ಜಿದರೂ ಹೊಳಪು ಬೇಗ ಹೋಗುತ್ತದೆ, ಅದನ್ನು ದೋಷವೆಂದು ಬರೆದುಕೊಳ್ಳಬಾರದು. ಮೋಡ ಕವಿದರೆ ಗಾಳಿ ಭಾರವಾಗಿ ಚೆಂಡು ಸ್ವಿಂಗ್ ಆಗುತ್ತದೆ ಎಂಬ ಮಾತನ್ನೂ ನಾನು ಪರಿಗಣಿಸುವುದಿಲ್ಲ, ಏಕೆಂದರೆ ತೇವ ತುಂಬಿದ ಗಾಳಿ ಒಣಗಾಳಿಗಿಂತ ಹಗುರ.

ಇನ್ನು ರಿವರ್ಸ್, ಅಂದರೆ ಚೆಂಡು ಮಾಮೂಲಿಗೆ ವಿರುದ್ಧ ದಿಕ್ಕಿಗೆ ಸ್ವಿಂಗ್ ಆಗುವುದು. ಅದಕ್ಕೆ ಒಂದು ಬದಿ ಒರಟಾದ ಹಳೆಯ ಚೆಂಡೂ ಸಾಮಾನ್ಯವಾಗಿ 130 ಕಿ.ಮೀ. ಮೀರಿದ ವೇಗವೂ ಬೇಕು. ಆ ವೇಗವಿಲ್ಲದವರು ಉಗುರಿನಿಂದ ಚೆಂಡು ಕೆರೆದರೆ ಸಿಗುವುದು ಐದು ರನ್ನಿನ ದಂಡ ಮತ್ತು ಚೆಂಡು ಬದಲಾವಣೆ.

ನೆಲಕ್ಕೆ ಬಡಿಯುವವನ ಚೆಂಡು

ಎತ್ತರದ ವೇಗಿ ಚೆಂಡು ಚೆನ್ನಾಗಿದೆ ಎಂದದ್ದನ್ನೂ ಪರೀಕ್ಷಿಸಬೇಕಾಯಿತು, ಏಕೆಂದರೆ ಹೊಗಳಿಕೆಯೂ ತಪ್ಪು ರೋಗಲಕ್ಷಣವಾಗಬಲ್ಲದು. ಅವನ ಚೆಂಡಿನ ಸೀಮ್‌ಗೆ ಒದ್ದೆ ಸೀಮೆಸುಣ್ಣ ಸವರಿ ಹಾಕಿಸಿದರೆ ಮ್ಯಾಟಿನ ಮೇಲೆ ಬಿಳಿ ಗುರುತೇ ಬೀಳಲಿಲ್ಲ. ಚೆಂಡು ಪ್ರತಿ ಸಲವೂ ಚರ್ಮದ ಮೇಲೆಯೇ ಬೀಳುತ್ತಿತ್ತು. ಹಾಗಿದ್ದೂ ಅದು ಒಳಗೆ ನುಗ್ಗುತ್ತಿದ್ದುದು ಏಕೆ? ಅವನ ಚೆಂಡು ಬೀಳುವ ಜಾಗದಲ್ಲಿ ಮ್ಯಾಟಿನ ಒಂದು ಅಂಚಿನ ಮೊಳೆ ಕಿತ್ತುಬಂದು, ಅಂಗೈ ಅಗಲದಷ್ಟು ಸುಕ್ಕು ನಿಂತಿತ್ತು. ಮ್ಯಾಟನ್ನು ಬಿಗಿದು ಮೊಳೆ ಹೊಡೆದ ಮೇಲೆ ಅವನ ಒಳನುಗ್ಗುವಿಕೆ ನಿಂತುಹೋಯಿತು. ಪಾಪ, ಅವನಿಗೆ ಬೇಸರವಾಯಿತು, ಆದರೆ ಮುಂದಿನ ವಾರ ಮ್ಯಾಟಿಲ್ಲದ ಟರ್ಫ್ ಪಿಚ್‌ನಲ್ಲಿ ಆಡುವ ಮೊದಲೇ ಅದು ತಿಳಿದದ್ದು ಒಳ್ಳೆಯದೇ ಆಯಿತು.

ಸ್ಪಿನ್ನರ್‌ನ ಬೆರಳು

ಬೆರಳ ಸ್ಪಿನ್ನರ್ ಚೆಂಡಿನ ಅತ್ಯಂತ ನಂಬಲರ್ಹ ಪರೀಕ್ಷಕ. ತೋರುಬೆರಳಿನ ಮೊದಲ ಗೆಣ್ಣು ಹೊಲಿಗೆಗೆ ಸಿಕ್ಕು ಅದನ್ನು ತಿರುವಬೇಕು. ಸೀಮ್ ಮಲಗಿದರೆ ಬೆರಳು ಜಾರುತ್ತದೆ, ತಿರುಗುವ ವೇಗ ಕುಗ್ಗುತ್ತದೆ, ಜೊತೆಗೆ ನೆಲ ಹಿಡಿಯುವ ಅಂಚೂ ಇಲ್ಲವಾಗುತ್ತದೆ. ಮಣಿಕಟ್ಟಿನಿಂದ ಹಾಕುವ ಲೆಗ್ ಸ್ಪಿನ್ನರ್‌ಗೆ ಈ ನಷ್ಟ ಕಡಿಮೆ, ಅವನ ತಿರುವಿಗೆ ಮಣಿಕಟ್ಟೇ ಬಲ. ಅದೇ ಲೆಗ್ ಸ್ಪಿನ್ನರ್‌ಗೆ ಹೊಸ ಚೆಂಡಿನ ಮೆರುಗು ಮತ್ತು ಇಬ್ಬನಿ ಹೆಚ್ಚು ಕಾಡುತ್ತವೆ. ಡಿಸೆಂಬರ್ ಬೆಳಗಿನ ಒದ್ದೆ ಹುಲ್ಲಿನಲ್ಲಿ ಉರುಳಿದ ಚೆಂಡು ನೀರು ಕುಡಿದು ಮೆತ್ತಗಾಗುತ್ತದೆ. ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಬೇಕು, ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ಚರ್ಮ ಬಿರಿಯುತ್ತದೆ.

ಚೆಂಡು ಸರಿಯಿದ್ದೂ ತಿರುಗದಿದ್ದರೆ ಸೀಮ್ ಯಾವ ದಿಕ್ಕಿನಲ್ಲಿ ಮಲಗಿ ಹೋಗುತ್ತಿದೆ ಎಂದು ನೋಡಬೇಕು. ಹಾರುವ ತಟ್ಟೆಯಂತೆ ಸೀಮ್ ನೆಲಕ್ಕೆ ಸಮಾನಾಂತರವಾಗಿ ತಿರುಗಿದರೆ ನೆಲಕ್ಕೆ ತಾಗುವುದು ಚರ್ಮ, ಆಗ ಚೆಂಡು ಗಾಳಿಯಲ್ಲಿ ತೇಲಿದರೂ ಬಿದ್ದು ನೇರ ಹೋಗುತ್ತದೆ. ಬಣ್ಣದ ಚೆಂಡು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: ಬ್ಯಾಟ್ಸ್‌ಮನ್‌ಗೆ ಬರೀ ಒಂದೇ ಬಣ್ಣದ ಟೋಪಿ ಮೇಲೆ ಕೂತಂತೆ ಕಂಡರೆ ಅದೇ ದೋಷ. ನಮ್ಮ ಎಡಗೈ ಹುಡುಗನಲ್ಲಿ ಅದಿರಲಿಲ್ಲ. ಅವನ ಸೀಮ್ ಸ್ಲಿಪ್ ಕಡೆಗೆ ಮುಖ ಮಾಡಿ ಚೊಕ್ಕಟವಾಗಿ ತಿರುಗುತ್ತಿತ್ತು, ಉಬ್ಬಿದ ಸೀಮ್‌ನ ಚೆಂಡು ಕೊಟ್ಟ ಕೂಡಲೇ ಬಲಗೈ ಬ್ಯಾಟ್ಸ್‌ಮನ್‌ನಿಂದ ಹೊರಕ್ಕೆ ತಿರುಗಿತು. ಅವನ ಮಾತನ್ನು ಮೊದಲೇ ಪೂರ್ತಿ ನಂಬಬೇಕಿತ್ತು.

ಗಾಳಿ

ದಾವಣಗೆರೆಯಲ್ಲಿ ಪಳಗಿದ ಬೌಲರ್ ಚಿತ್ರದುರ್ಗಕ್ಕೆ ಪಂದ್ಯಕ್ಕೆ ಹೋಗಿ, ನನ್ನ ಚೆಂಡು ಮಾತು ಕೇಳುತ್ತಿಲ್ಲ ಎಂದು ಫೋನ್ ಮಾಡಿದರೆ ನಾನು ಚೆಂಡಿನ ಬಗ್ಗೆ ಕೇಳುವುದಿಲ್ಲ, ಯಾವ ತುದಿಯಿಂದ ಹಾಕುತ್ತಿದ್ದೀಯಪ್ಪ ಎಂದು ಕೇಳುತ್ತೇನೆ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿಯ ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳ ಸಾಲು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದ ಪಡುವಣ ಗಾಳಿಗೆ ಎದುರಾಗಿ 110 ಕಿ.ಮೀ. ವೇಗದಲ್ಲಿ ಹಾಕಿದ ಚೆಂಡಿಗೆ, ಗಾಳಿ 20 ಕಿ.ಮೀ. ಇದ್ದರೆ, ಗಾಳಿಯ ಲೆಕ್ಕದಲ್ಲಿ ವೇಗ 130 ಆಗುತ್ತದೆ. ಗಾಳಿಯ ಜೊತೆಗೆ ಹಾಕಿದರೆ 90. ಒಂದೇ ಕೈ, ಒಂದೇ ಚೆಂಡು ಎರಡು ತುದಿಯಿಂದ ಬೇರೆ ಬೇರೆಯಾಗಿ ವರ್ತಿಸುವುದಕ್ಕೆ ಇಷ್ಟು ಸಾಕು. ಅಡ್ಡಗಾಳಿ ಬೀಸಿದರೆ ಒಂದು ಬಗೆಯ ಸ್ವಿಂಗ್‌ಗೆ ಒತ್ತಾಸೆ, ಇನ್ನೊಂದಕ್ಕೆ ತಡೆ. ಸ್ಪಿನ್ನರ್‌ಗೆ ಎದುರುಗಾಳಿ ವರ, ಏಕೆಂದರೆ ಮುಂದಕ್ಕೆ ಉರುಳುವಂತೆ ತಿರುಗುವ ಚೆಂಡು ಎದುರುಗಾಳಿಯಲ್ಲಿ ಇನ್ನೂ ಬೇಗ ಕೆಳಗಿಳಿಯುತ್ತದೆ. ಎರಡೂ ತುದಿಯಿಂದ ಆರಾರು ಎಸೆತ ಹಾಕಿಸಿ, ಒಂದು ತುದಿಯಲ್ಲಿ ಮಾತ್ರ ದೂರು ಉಳಿದರೆ, ಚೆಂಡನ್ನೂ ಕೈಯನ್ನೂ ದೂರುವ ಅಗತ್ಯವಿಲ್ಲ.

ಪಂದ್ಯದ ನಡುವೆ ಚೆಂಡೇ ಕೆಟ್ಟಿದೆ ಎಂದು ಖಚಿತವಾದರೆ ಅಂಪೈರ್‌ಗೆ ತೋರಿಸಿ ಕೇಳಬಹುದು. ಆಡಲು ಯೋಗ್ಯವಲ್ಲ ಎಂದು ಅವರು ಒಪ್ಪಿದರೆ ಅಷ್ಟೇ ಸವೆದ ಇನ್ನೊಂದು ಚೆಂಡು ಸಿಗುತ್ತದೆ, ಹೊಸದಲ್ಲ.

ಆ ಡಜನ್‌ನಲ್ಲಿ ಉಳಿದ ಹನ್ನೊಂದು ಚೆಂಡುಗಳ ಮೇಲೆ ಕಪ್ಪು ಮಾರ್ಕರಿನಿಂದ ಅಡ್ಡಗೆರೆ ಎಳೆದು ಕ್ಯಾಚಿಂಗ್ ಅಭ್ಯಾಸಕ್ಕೆ ಇಟ್ಟೆವು. ಎಡಗೈ ಸ್ಪಿನ್ನರ್ ಈಗ ನೆಟ್ಸಿಗೆ ಬಂದೊಡನೆ ಚೀಲದಿಂದ ತಾನೇ ಉಗುರು ಎಳೆದು ನೋಡಿ ಚೆಂಡು ಆರಿಸಿಕೊಳ್ಳುತ್ತಾನೆ. ಮಧ್ಯಮ ವೇಗದ ಹುಡುಗನ ಬಣ್ಣದ ಚೆಂಡಿನಲ್ಲಿ ನಾಲ್ಕನೆಯ ವಾರದ ಕೊನೆಗೆ, ಆರು ಎಸೆತಗಳಲ್ಲಿ ನಾಲ್ಕಕ್ಕೆ, ಕೆಂಪು ಬಿಳುಪಿನ ನಡುವೆ ಗೆರೆ ಕಾಣತೊಡಗಿತು.